ಹಾಜರಿ ಪುಸ್ತಕದಲ್ಲಿಲ್ಲದ ನೌಕರ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯಲ್ಲಿ ಆಷಾಢದ ಮಳೆ ಎರಡು ದಿನ ಹೊಳವಾಯಿತೆಂದರೆ ಮನೆಮನೆಯಲ್ಲಿಯೂ ಒಂದೇ ಮಾತು: ಕೊನೆಗೌಡ ಬಂದನೇ? ಹಿಂದೆ ಜಗಲಿಯ ಅಂಚಿನಲ್ಲಿ ನಿಂತು ಹೆಗಡೆಯವರ ಅಪ್ಪಣೆಗಾಗಿ ಕಾಯುತ್ತಿದ್ದವನ ಅಂಗಳದಲ್ಲಿ ಇಂದು ಹೆಗಡೆಯವರ ಮೋಟಾರ್ ಸೈಕಲ್ಲು ಕಾಯುತ್ತ ನಿಂತಿರುತ್ತದೆ. ಮಾನವ ಸಂಪನ್ಮೂಲ ನಿರ್ವಹಣೆ ಎಂಬ ದೊಡ್ಡ ಹೆಸರಿನ ವಿದ್ಯೆಯನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕೇ!

ಶಿರಸಿಯ ತೋಟಗಾರರು 1923ರಲ್ಲಿಯೇ ಒಟ್ಟುಗೂಡಿ ಮಾರಾಟದ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ಅಂಥ ಸಂಘಗಳ ಗುಮಾಸ್ತರಿಗೆ ನೇಮಕ, ರಜೆ, ಬಡ್ತಿ, ಭವಿಷ್ಯನಿಧಿ ಎಲ್ಲವೂ ಉಂಟು. ಆದರೆ ಅಲ್ಲಿ ವ್ಯಾಪಾರಕ್ಕೆ ಬಂದು ಬೀಳುವ ಅಡಿಕೆಯನ್ನು ಐವತ್ತು ಅರವತ್ತು ಅಡಿ ಎತ್ತರದಿಂದ ಇಳಿಸಿಕೊಟ್ಟವನು ಯಾರ ನೌಕರ? ಹತ್ತು ತೋಟಗಳಿಗೆ ಬೇಕಾದವನು ಒಂದು ತೋಟದ ಹಾಜರಿ ಪುಸ್ತಕದಲ್ಲಿಯೂ ಇಲ್ಲ.

ಅವನ ಕೆಲಸವನ್ನು ಬರಿಯ ಮರ ಹತ್ತುವುದೆನ್ನುವುದು, ವೀಣೆ ನುಡಿಸುವುದನ್ನು ತಂತಿ ಎಳೆಯುವುದೆಂದಂತೆ. ಕಾಲಿಗೆ ತಳೆ ಹಾಕಿ ಏರಿದವನು ಮತ್ತೆ ನೆಲಕ್ಕಿಳಿಯದೆ, ಪಕ್ಕದ ಮರವನ್ನು ತನ್ನತ್ತ ಸೆಳೆದುಕೊಂಡು ಅದಕ್ಕೆ ದಾಟುತ್ತಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗಿನವನ ಕೈ ಸೇರುತ್ತದೆ. ಹದವನ್ನೂ ಅಲ್ಲಿಯೇ ತಿಳಿಯಬೇಕು: ಹಸಿರಿರುವಾಗ ಇಳಿದರೆ ಸುಲಿದು ಬೇಯಿಸಿ ಕೆಂಪಡಿಕೆ, ಹಣ್ಣಾದರೆ ಬಿಸಿಲಿಗೆ ಒಣಗಿ ಚಾಲಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವನೂ ಅವನೇ. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗದ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಬೋರ್ಡೋ ದ್ರಾವಣದ ಈ ಲೆಕ್ಕ ಇಂದು ಮಕ್ಕಳಿಗೂ ಬಾಯಿಪಾಠ. ಆದರೆ ಮದ್ದು ತಾನಾಗಿ ಮರ ಹತ್ತದು.

ಹಿಂದೆ ಅಪ್ಪನ ಹಿಂದೆ ಮಗ ತೋಟಕ್ಕೆ ಬರುತ್ತಿದ್ದ. ಬೇರೆ ತರಬೇತಿಯೂ ಇರಲಿಲ್ಲ, ಉತ್ತರಾಧಿಕಾರಿಯ ಚಿಂತೆಯೂ ಇರಲಿಲ್ಲ. ಊಟ, ಕವಳ, ಹಬ್ಬಕ್ಕೊಂದು ಪಂಚೆ, ಕಷ್ಟಕಾಲಕ್ಕೆ ಒಂದಿಷ್ಟು ಕೈಗಡ. ಇಷ್ಟರಲ್ಲಿ ಸಂಬಂಧ ಉಳಿಯುತ್ತಿತ್ತು. ಅದರಲ್ಲಿ ಪ್ರೀತಿ ಇತ್ತೆಂಬುದು ನಿಜ; ಬಿದ್ದು ಸೊಂಟ ಮುರಿದವನಿಗೆ ಆ ಪ್ರೀತಿ ಒಂದೆರಡು ತಿಂಗಳಿಗೆ ಮೇಲೆ ಸಾಲುತ್ತಿರಲಿಲ್ಲವೆಂಬುದೂ ನಿಜ. ಇಂದು ಮಗ ಓದಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿದ್ದಾನೆ. ಹೆಗಡೆಯವರ ಮಗನೂ ಅಲ್ಲಿಯೇ ಇರುವಾಗ ಗೌಡನ ಮಗನನ್ನು ದೂರುವ ನ್ಯಾಯ ಯಾವುದು? ಉಳಿದ ತಂದೆ ಐವತ್ತು ದಾಟಿದ್ದಾನೆ. ಪಾಚಿ ಹಿಡಿದ ಮರವನ್ನು ಅವನು ಏರುವ ದಿನ ಮನೆಯಾಕೆಗೆ ಅವನು ಹಿಂದಿರುಗುವವರೆಗೆ ಅನ್ನ ಸೇರದು.

ತೆಂಗಿನ ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯು 'ಕೇರ ಸುರಕ್ಷಾ' ಎಂಬ ವಿಮೆಯನ್ನು ನಡೆಸುತ್ತದೆ. ಅಡಿಕೆಗೆ ಈಚೆಗೆ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮದ್ದನ್ನೂ ಹೊಡೆಯಬಹುದು. ಅದನ್ನು ನೆಟ್ಟಗೆ ಹಿಡಿದು ತುದಿಯ ಕತ್ತಿಯನ್ನು ಕೊನೆಗೆ ಸಿಕ್ಕಿಸಲು ಮತ್ತೆ ಪಳಗಿದ ಆಳೇ ಬೇಕು. ದೋಟಿಯ ಬೆಲೆಯ ಬಗ್ಗೆ ಜಗಲಿಯಲ್ಲಿ ಸಂಜೆಯೆಲ್ಲ ಚರ್ಚೆ ನಡೆಯುತ್ತದೆ. ಅದನ್ನು ಹಿಡಿಯುವವನ ವಿಮೆಯ ಕಂತನ್ನು ಯಾರು ಕಟ್ಟಬೇಕೆಂಬ ಮಾತು ಬರುವಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆ ಬಂದಿರುತ್ತದೆ.