ಚರಗಕ್ಕೆ ದೇವರು ಬೇಕೇ?

“ಕಾಕಾ, ನೀ ದೇವ್ರಿಗಿ ನಂಬಂಗಿಲ್ಲ. ಮತ್ತ ಚರಗಾ ಯಾಕ ಚೆಲ್ಲತಿ?” ಎಳ್ಳಮಾಸಿ ದಿನ ಚಂದ್ರಂಪಳ್ಳಿ ಹೊಲದಲ್ಲಿ ಅಣ್ಣನ ಮಗ ಕೇಳಿದ. (ಹಬ್ಬದಡುಗೆಯನ್ನು ಹೊಲದಲ್ಲಿ ಚೆಲ್ಲುವುದೇ ಚರಗ.) ಬಾಯಲ್ಲಿ ಸಜ್ಜಿ ಕಡಬು ಇತ್ತು, ಆಗ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತೇನೆ.

ಯುರೋಪು, ಅಮೆರಿಕದಲ್ಲಿ ದೇವರ ಗೊಡವೆಯಿಲ್ಲದೆ ಋತುಗಳನ್ನೇ ಹಬ್ಬ ಮಾಡುವ ಪೇಗನ್ ಜನರಿದ್ದಾರೆ. ಡಿಸೆಂಬರ್ 21ರ ಆಸುಪಾಸು, ವರ್ಷದ ಅತಿ ದೊಡ್ಡ ರಾತ್ರಿಯನ್ನು ‘ಯೂಲ್’ ಎಂದು ಕೂಡಿ ಆಚರಿಸುತ್ತಾರೆ. ನಮ್ಮ ಎಳ್ಳಮಾಸಿ, ಅಂದರೆ ಮಾರ್ಗಶಿರದ ಅಮಾವಾಸ್ಯೆ, ಅದರ ನೆರೆಯಲ್ಲೇ ಬರುತ್ತದೆ. 2024ರಲ್ಲಿ ಡಿಸೆಂಬರ್ 30, 2025ರಲ್ಲಿ ಡಿಸೆಂಬರ್ 19. ಅವರು ಹುಡುಕಿ ಕಟ್ಟಿಕೊಂಡದ್ದು ನಮಗೆ ಬುತ್ತಿಯ ಜೊತೆಗೇ ಬಂದಿದೆ.

ನಮ್ಮ ಪಾಂಡವರನ್ನೇ ನೋಡಿ: ಹೊಲದಲ್ಲೇ ಆಯ್ದ ಐದು ಕಲ್ಲು, ಮೇಲಿಷ್ಟು ಸುಣ್ಣ. ಗುಡಿಯೂ ಇಲ್ಲ, ಪೂಜಾರಿಯೂ ಇಲ್ಲ. ಭಜ್ಜಿಯಂತೂ ಋತುವಿನ ಪಂಚಾಂಗ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯೆ ಸೊಪ್ಪು, ಹುಣಸೆ. ಆ ವಾರ ಹೊಲದಲ್ಲಿ ಏನಿದೆಯೋ ಅದೇ ಗಡಿಗೆಯಲ್ಲಿ. (ಫ್ರಿಜ್ಜಿನ ಬಟಾಣಿ ಹಾಕಿದ್ದನ್ನು ಭಜ್ಜಿ ಅನ್ನಲು ನಾನು ತಯಾರಿಲ್ಲ.) ಚರಗ ಬಿದ್ದಲ್ಲಿ ಸಂಜೆಯೊಳಗೆ ಇರುವೆ, ಗುಬ್ಬಿ, ಕಾಗೆ ಹಾಜರು. ಉಣ್ಣುವವರು ಕಣ್ಣಿಗೇ ಕಾಣುತ್ತಾರೆ, ನಂಬುವ ಮಾತು ಎಲ್ಲಿ ಬಂತು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಹೊಲ ಇಲ್ಲದ ಗೆಳೆಯರೇ, ಮುಂದಿನ ಎಳ್ಳಮಾಸಿಗೆ ಯಾರದಾದರೂ ಹೊಲಕ್ಕೆ ಬನ್ನಿ. ಕರೆಯಲಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ಭಜ್ಜಿ ಯಾವಾಗಲೂ ಹೆಚ್ಚೇ ಮಾಡಿರುತ್ತೇವೆ.