ಬುಡದ ಸೈನಿಕರು

ಇವತ್ತು ಒಂದು ವಿಡಿಯೋ ಗೇಮಿನ ಬಗ್ಗೆ ಬರೀತಿದ್ದೇನೆ, ನಗಬೇಡಿ.

ಗುತ್ತಿಗೆ ಪೌರಕಾರ್ಮಿಕರ ಬಾಕಿ ಸಂಬಳದ ಮನವಿ ಹಿಡಿದು ಅಂಕೋಲಾದಿಂದ ಕಾರವಾರಕ್ಕೆ ಹೊರಟಿದ್ದೆವು. ಬಸ್ಸಲ್ಲಿ ಅಕ್ಕ ಇದ್ದಳು, ಅವಳೂ ಕಸ ಗುಡಿಸುವವಳೇ. ಅವಳ ಮಗನ ಕೈಲಿ ಯಾರೋ ಕೊಟ್ಟ ಹಳೇ ನಿಂಟೆಂಡೊ ಡಿಎಸ್. ಗೇಮು ‘ಮೈಟ್ ಅಂಡ್ ಮ್ಯಾಜಿಕ್: ಕ್ಲಾಶ್ ಆಫ್ ಹೀರೋಸ್’, ಕೆನಡಾದ ಕ್ಯಾಪಿಬಾರಾ ಗೇಮ್ಸ್‌ನವರು 2009ರಲ್ಲಿ ಮಾಡಿದ್ದು. ಒಂದೇ ಥರದ, ಒಂದೇ ಬಣ್ಣದ ಮೂವರನ್ನು ಉದ್ದಕ್ಕೆ ನಿಲ್ಲಿಸಿದರೆ ದಾಳಿ, ಅಡ್ಡಕ್ಕೆ ನಿಲ್ಲಿಸಿದರೆ ಗೋಡೆ.

ಸೈನಿಕರಲ್ಲಿ ಮೂರು ಮೆಟ್ಟಿಲು. ಬುಡದಲ್ಲಿ ಬಿಲ್ಲುಗಾರ, ಈಟಿಯವನು, ಕರಡಿ. ಮೇಲೆ ‘ಎಲೀಟ್’. ಅದರ ಮೇಲೆ ‘ಚಾಂಪಿಯನ್’: ಡ್ರ್ಯಾಗನ್, ದೇವದೂತ ಇತ್ಯಾದಿ. ಡ್ರ್ಯಾಗನ್ ತಾನಾಗಿ ಏಳೋದಿಲ್ಲ, ಹಿಂದೆ ಅದೇ ಬಣ್ಣದ ನಾಲ್ವರು ಬುಡದವರು ನಿಲ್ಲಬೇಕು. ನಿಂತವರು ಅದರೊಳಗೇ ಕರಗಿಹೋಗ್ತಾರೆ.

“ಡ್ರ್ಯಾಗನ್ ಸತ್ರೆ ದುಡ್ಡು ಕೊಟ್ಟು ತರ್ಬೇಕು ಮಾಮಾ.”

“ಇವ್ರು ಸತ್ರೆ?”

“ಇವ್ರು ಪುಕ್ಕಟೆ. ಎಷ್ಟು ಬೇಕಾದ್ರೂ ಬರ್ತಾರೆ.”

ಅಕ್ಕ ಕಿಟಕಿ ಕಡೆ ನೋಡ್ತಾ ಇದ್ದಳು. ಕೇಳಿಸಿತ್ತು ಅವಳಿಗೆ. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆಯನ್ನು ಹನ್ನೆರಡರ ಹುಡುಗನಿಗೆ ಹೇಗೆ ವಿವರಿಸೋದು ಅಂತ ಎಷ್ಟೋ ಸಲ ತಡವರಿಸಿದ್ದೇನೆ. ಅವನೇ ನನಗೆ ವಿವರಿಸ್ತಿದ್ದ, ಅದೂ ಆಟದ ನಿಯಮ ಅಂತ!

ಇನ್ನೊಂದು ನಿಯಮವನ್ನೂ ಹೇಳಿದ. ಒಂದೇ ಬಣ್ಣದ ಬೇರೆ ಬೇರೆ ಸಾಲುಗಳು ಒಂದೇ ಸರದಿಗೆ ನುಗ್ಗಿದರೆ ‘ಲಿಂಕ್’ ಆಗ್ತದೆ, ಪ್ರತಿ ಸಾಲಿನ ಬಲ ಹೆಚ್ಚುತ್ತದೆ. ಡ್ರ್ಯಾಗನ್ ಬೇಕಿಲ್ಲ.

ಮನವಿ ತಗೊಂಡಿದ್ದಾರೆ, ಸಂಬಳ ಬಂದಿಲ್ಲ. ಮುಂದಿನ ಸಲ ಅಂಕೋಲಾದವರೂ ಕಾರವಾರದವರೂ ಒಂದೇ ದಿನ ಹೋಗ್ತೇವೆ. ಬರುವವರು ಇನ್‌ಬಾಕ್ಸ್‌ಗೆ ಬನ್ನಿ.