ಅರವತ್ತು ಡಿಗ್ರಿಯ ಅಂಟು

ಪಿಟೀಲಿನ ಮೇಲುಹಲಗೆಯನ್ನು ಯಾರಾದರೂ ಒಂದು ದಿನ ಬಿಚ್ಚಲೇಬೇಕಾಗುತ್ತದೆ. ಹಲಗೆ ಸೀಳು ಬಿಟ್ಟಿರಬಹುದು, ಒಳಗಿನ ಪಟ್ಟಿ ಸಡಿಲಾಗಿರಬಹುದು. ರಿಪೇರಿ ಮಾಡುವವರು ತೆಳ್ಳನೆಯ ಚೂರಿಯನ್ನು ಅಂಚಿನಲ್ಲಿ ಮೆಲ್ಲಗೆ ತೂರಿಸುತ್ತಾರೆ, ಹಲಗೆ ಗಾಯವಾಗದೆ ಎದ್ದು ಬರುತ್ತದೆ. ಅಲ್ಲಿ ಮರವನ್ನು ಹಿಡಿದು ನಿಲ್ಲಿಸಿದ್ದದ್ದು ಚರ್ಮದ ಅಂಟು, ಅಂದರೆ ಸರೇಸು. ಕ್ರೆಮೋನಾದಲ್ಲಿ ಸ್ಟ್ರಾಡಿವೇರಿ ಮಾಡಿದ ಪಿಟೀಲುಗಳು 300 ವರ್ಷ ಕಳೆದರೂ ಕಚೇರಿಗಳಲ್ಲಿ ನುಡಿಯುತ್ತಿವೆ. ಬಿಚ್ಚಿ ಮತ್ತೆ ಕೂಡಿಸಲು ಬಿಡುವ ಈ ಅಂಟಿಗೂ ಅದರಲ್ಲಿ ಪಾಲಿದೆ. ಆಮೇಲೆ ಬರುವ ಕುಶಲಕರ್ಮಿಗೆ ದಾರಿ ಬಿಟ್ಟುಕೊಡುವ ಅಂಟು ಎಂದೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಆದರೆ ಇದು ಡಬ್ಬಿ ತೆರೆದು ಹಚ್ಚುವಂಥದ್ದಲ್ಲ. ಹರಳುಗಳನ್ನು ತಣ್ಣೀರಿನಲ್ಲಿ ನೆನೆಹಾಕಬೇಕು, ಉಬ್ಬಿದ ಮೇಲೆ ಬಿಸಿ ಮಾಡಬೇಕು. 60 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಅದಕ್ಕೆ ಹಿತ. 70 ದಾಟಿಸಿ ಬಹಳ ಹೊತ್ತು ಇಟ್ಟರೆ ಪ್ರೋಟೀನಿನ ಎಳೆಗಳು ತುಂಡಾಗುತ್ತವೆ. ಕುದಿಸಿದರಂತೂ ಕಸುವೆಲ್ಲ ಹೋಗುತ್ತದೆ. 35ಕ್ಕೆ ಇಳಿದರೆ ಮರದ ಮೇಲೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಯಾವ ಪಾತ್ರೆ ಕೊಳ್ಳಲಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಅದು ಎಷ್ಟು ಬೇಗ ಕಾಯುತ್ತದೆ ಎಂದು ನೋಡಬೇಡಿ, 60ರಲ್ಲಿ ಎಷ್ಟು ಹೊತ್ತು ಅಲುಗದೆ ನಿಲ್ಲುತ್ತದೆ ಎಂದು ನೋಡಿ.

ಈಜಿಪ್ಟಿನ ಥೀಬ್ಸ್‌ನಲ್ಲಿ ರೆಖ್ಮಿರೆ ಎಂಬ ಮಂತ್ರಿಯ ಸಮಾಧಿ ಇದೆ. ಅದರ ಗೋಡೆಚಿತ್ರದಲ್ಲಿ ಬಡಗಿಗಳು ಕೆಲಸ ಮಾಡುತ್ತಿದ್ದಾರೆ, ಪಕ್ಕದಲ್ಲೇ ಬೆಂಕಿಯ ಮೇಲೆ ಅಂಟಿನ ಪಾತ್ರೆ. ಸುಮಾರು 3,400 ವರ್ಷ ಹಿಂದಿನ ಚಿತ್ರ! ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಆ ಬಡಗಿ ಕಣ್ಣಳತೆಯಲ್ಲೇ ಹದ ಹಿಡಿದಿರಬೇಕು. ಆ ಕಣ್ಣಳತೆ ಇಂದಿಗೂ ಬೇಕು. ಕುಂಚ ಎತ್ತಿದಾಗ ಅಂಟು ಎಳೆಪಾಕದಂತೆ ಕಡಿಯದೆ ಇಳಿಯಬೇಕು. ತೊಟ್ಟಿಕ್ಕಿದರೆ ನೀರು ಹೆಚ್ಚು, ಗಂಟುಗಂಟಾಗಿ ಬಿದ್ದರೆ ಕಡಿಮೆ.

ಆಮೇಲಿನವರು ಪಾತ್ರೆಯೊಳಗೆ ಪಾತ್ರೆ ಇಟ್ಟರು. ಹೊರಗಿನದರಲ್ಲಿ ನೀರು, ಒಳಗಿನದರಲ್ಲಿ ಅಂಟು. ಬೆಂಕಿಗೂ ಅಂಟಿಗೂ ನಡುವೆ ನೀರಿದ್ದರೆ ತಳ ಹಿಡಿಯುವುದಿಲ್ಲ, ಶಾಖವೂ ಏರುಪೇರಾಗುವುದಿಲ್ಲ. ಎರಕದ ಕಬ್ಬಿಣದ ಇಂಥ ಜೋಡಿಪಾತ್ರೆ ಗುಜರಿ ಅಂಗಡಿಯಲ್ಲಿ ಸಿಕ್ಕರೆ ಕೊಳ್ಳುವ ಮುನ್ನ ಒಳಗೆ ತುಕ್ಕಿದೆಯೇ ನೋಡಿ. ಮತ್ತಿ, ಜಾಲಿಯಂಥ ಒಗರು ಹೆಚ್ಚಿರುವ ಮರಕ್ಕೆ ಕಬ್ಬಿಣ ತಾಗಿದ ಅಂಟು ಹಚ್ಚಿದರೆ ಕಪ್ಪು ಕಲೆ ಬೀಳುತ್ತದೆ. ಅಂಟು ಇರುವ ಪಾತ್ರೆ ಗಾಜಿನದೋ ಸ್ಟೀಲಿನದೋ ಆಗಿರಲಿ.

ನಮ್ಮಲ್ಲಿ 1959ರಲ್ಲಿ ಫೆವಿಕಾಲ್ ಬಂದಿತು. ಕಾಯಿಸುವ ರಗಳೆ ಇಲ್ಲದ, ವಾಸನೆ ಇಲ್ಲದ ಬಿಳಿ ಅಂಟು ಸಿಕ್ಕ ಮೇಲೆ ಆಚಾರಿಗಳು ಸರೇಸಿನ ಪಾತ್ರೆಯನ್ನು ಬದಿಗಿಟ್ಟರೆ ತಪ್ಪೇನಲ್ಲ. ಬಾಗಿಲು, ಕಪಾಟುಗಳಿಗೆ ಅದೇ ಸರಿ. ವಾದ್ಯಗಳಿಗೆ, ಹಳೆಯ ಪೀಠೋಪಕರಣಗಳಿಗೆ ಮಾತ್ರ ನನ್ನ ಮತ ಸರೇಸಿಗೆ.

ಈಗ ಅಂಗಡಿಗೆ ಹೋಗೋಣ. ಅಂಟಿಗೆಂದೇ ಮಾಡಿದ ವಿದ್ಯುತ್ ಪಾತ್ರೆಗಳು ವಿದೇಶದಲ್ಲಿವೆ. ಒಳ್ಳೆಯವೇ, ಆದರೆ ದುಬಾರಿ, ದಿನವಿಡೀ ಅಂಟಿಸುವವರಿಗಷ್ಟೇ ಲಾಭ. ಗ್ಯಾಸ್ ಒಲೆಯಾದರೆ ಉರಿ ಎಷ್ಟು ಸಣ್ಣಗೆ ಇಟ್ಟರೂ ಬಿಸಿ ಏರುತ್ತಲೇ ಹೋಗುತ್ತದೆ. ಪದೇ ಪದೇ ಆರಿಸಿ ಹಚ್ಚುತ್ತ ಕೂತರೆ ತೋಪಡ ಹಿಡಿಯುವವರು ಯಾರು? ಇಂಡಕ್ಷನ್ ಒಲೆ ಕಡಿಮೆ ಶಾಖದಲ್ಲಿ ಬಿಟ್ಟು ಬಿಟ್ಟು ಕಾಯಿಸುತ್ತದೆ, ನೀರು ಸಾಕಷ್ಟಿದ್ದರೆ ಮಾತ್ರ ಪರವಾಗಿಲ್ಲ. ರೈಸ್ ಕುಕ್ಕರಿನ ‘ವಾರ್ಮ್’ ಗುಂಡಿ ಸಾಮಾನ್ಯವಾಗಿ 65ರ ಮೇಲೇ ನಿಲ್ಲುತ್ತದೆ, ಅಂಟಿಗೆ ಅದು ಸ್ವಲ್ಪ ಅತಿಯೇ. ಹಾಲಿನ ಬಾಟಲಿಯ ವಾರ್ಮರ್ ಅಚ್ಚುಕಟ್ಟು, ಆದರೆ ಮಗುವಿನ ಹಾಲಿಗೆ 40 ಸಾಕು. ಅಷ್ಟಕ್ಕೇ ನಿಲ್ಲುವ ಮಾದರಿ ನಮಗೆ ಉಪಯೋಗವಿಲ್ಲ.

ನಾನು ಒತ್ತಿ ಹೇಳುವುದು ಬ್ಯೂಟಿ ಪಾರ್ಲರಿನವರ ವ್ಯಾಕ್ಸ್ ಹೀಟರ್ ಬಗ್ಗೆ. ಬೆಲೆ ಕಡಿಮೆ, ಮುಚ್ಚಳವಿದೆ, ಶಾಖ ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿಯೂ ಇದೆ. ಒಳಗಿನ ಬಟ್ಟಲಿಗೆ ನೀರು ಹಾಕಿ, ಉಪ್ಪಿನಕಾಯಿಯದೊಂದು ಗಾಜಿನ ಸಣ್ಣ ಬಾಟಲಿಯಲ್ಲಿ ಅಂಟು ಹಾಕಿ ನಿಲ್ಲಿಸಿ. ಗುಂಡಿಯ ಮೇಲಿನ ಅಂಕಿಗಳನ್ನು ಮಾತ್ರ ನಂಬಬೇಡಿ. ಅಡುಗೆಯ ಥರ್ಮಾಮೀಟರನ್ನು ನೀರಿನಲ್ಲಲ್ಲ, ಅಂಟಿನಲ್ಲೇ ಅದ್ದಿ, 60 ನಿಲ್ಲುವ ಜಾಗಕ್ಕೆ ಪೆನ್ನಿನಿಂದ ಗೆರೆ ಎಳೆದುಬಿಡಿ. ಮುಚ್ಚಳ ಹಾಕಿಡದಿದ್ದರೆ ನೀರು ಆವಿಯಾಗಿ ಅಂಟು ದಪ್ಪಗಾಗುತ್ತದೆ; ಆಗ ಚೂರು ಬಿಸಿನೀರು ಸೇರಿಸಿ.

ಅಂಟಿನ ದರ್ಜೆಯೂ ಲೆಕ್ಕಕ್ಕೆ ಬರುತ್ತದೆ. ಚೀಲದ ಮೇಲೆ 192 ಗ್ರಾಂ, 251 ಗ್ರಾಂ ಎಂದಿರುವುದು ತೂಕವಲ್ಲ, ಹೆಪ್ಪಿನ ಗಟ್ಟಿತನ. ಅಂಕಿ ಏರಿದಷ್ಟೂ ಅಂಟು ಬೇಗ ಹೆಪ್ಪುಗಟ್ಟುತ್ತದೆ, ಕೈ ಚುರುಕಾಗಿರಬೇಕು. ಮರಗೆಲಸಕ್ಕೆ ಹೊಸಬರಾದವರಿಗೆ 192 ಸಾಕು. ಹಚ್ಚುವ ಮುನ್ನ ಮರದ ಅಂಚನ್ನೂ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿಕೊಂಡರೆ ಜೋಡಿಸಲು ಒಂದಷ್ಟು ಬಿಡುವು ಸಿಗುತ್ತದೆ, ಚಳಿಗಾಲದಲ್ಲಂತೂ ಇದು ಬೇಕೇ ಬೇಕು.

ದೊಡ್ಡ ಪಾತ್ರೆಯ ಆಸೆ ಬೇಡ. ಮತ್ತೆ ಮತ್ತೆ ಕಾಯಿಸಿದ ಅಂಟು ಬಲ ಕಳೆದುಕೊಳ್ಳುತ್ತದೆ, ಹೊರಗೆ ಬಿಟ್ಟರೆ ಬೂಷ್ಟು ಹಿಡಿದು ನಾರುತ್ತದೆ. ಉಳಿದದ್ದನ್ನು ತಟ್ಟೆಗೆ ಸುರಿದು, ಹೆಪ್ಪುಗಟ್ಟಿದ ಮೇಲೆ ತುಂಡು ಮಾಡಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಕೆಲಸಕ್ಕೆ ಬೇಕಾದಷ್ಟನ್ನೇ ಕರಗಿಸಿ. ಡಬ್ಬಿಯ ಮೇಲೆ ‘ಅಂಟು’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.